ಅಂಕಿತ ಬೀಳುವ ತನಕ

ಅಕ್ಕವ್ವ ಸಿಹಿ ಬಿಟ್ಟು ಎರಡು ತಿಂಗಳಾಗಿತ್ತು. ತೇರದಾಳದ ಹೊರಗೆ, ಕಬ್ಬಿನ ಹೊಲದ ನಡುವೆ ಸ್ವಂತ ಗಾಣವಿರುವ ಮನೆಯಲ್ಲಿ ಅರವತ್ತೇಳು ವರ್ಷದ ಹೆಂಗಸೊಬ್ಬಳು ಬೆಲ್ಲ ಬಿಡುವುದು ಸಣ್ಣ ಮಾತಲ್ಲ. ಹಂಗಾಮಿನ ದಿನಗಳಲ್ಲಿ ಬೆಳಗಾದರೆ ಸಾಕು, ಕಡಾಯಿಯ ಹಬೆ ಅಡುಗೆಮನೆಯ ಕಿಟಕಿಯಿಂದ ಒಳಗೆ ಬರುತ್ತಿತ್ತು. ಸೀರೆ, ಹಾಸಿಗೆ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ. ಅದರ ನಡುವೆ ಕೂತು ಆಕೆ ಸಪ್ಪನೆಯ ಚಹಾ ಕುಡಿಯುತ್ತಿದ್ದಳು. ಬಸದಿಯಲ್ಲಿ ಭಗವಾನರ ಮುಂದೆ ಕೈಮುಗಿದು ನೇಮ ಹಿಡಿದಿದ್ದಳು: ಕೂಸು ಕಾಯ್ದೆ ಪ್ರಕಾರ ನಮ್ಮದಾಗುವ ತನಕ ಬೆಲ್ಲ ಸಕ್ಕರೆ ನಾಲಿಗೆಗೆ ಮುಟ್ಟಿಸುವುದಿಲ್ಲ.

ಕೂಸಿನ ಹೆಸರು ಸಿದ್ಧಿ. ಅಕ್ಕವ್ವನ ಮಗ ಜಿನೇಶನಿಗೂ ಸೊಸೆ ಮಾನಸಿಗೂ ಮದುವೆಯಾಗಿ ಹನ್ನೊಂದು ವರ್ಷ ಕಳೆದಿತ್ತು. ದತ್ತಿಗೆ ಹೆಸರು ಹಚ್ಚಿ ಮೂರು ವರ್ಷ ಕಾದ ಮೇಲೆ, ಹೊಳೆಯಾಚೆಯ ಜಿಲ್ಲೆಯ ಒಂದು ದತ್ತು ಕೇಂದ್ರದಿಂದ ಜನವರಿಯಲ್ಲಿ ಏಳು ತಿಂಗಳ ಹೆಣ್ಣುಕೂಸು ಮನೆಗೆ ಬಂದಿತ್ತು. ಕೊಡುವಾಗ ಅಲ್ಲಿಯ ಮೇಡಂ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಈಗ ಕೊಟ್ಟಿರುವುದು ಸಾಕಲಿಕ್ಕೆ. ಕೋರ್ಟಿನ ಆದೇಶವಾದ ಮೇಲೆ ಕಾಗದದಲ್ಲೂ ಮಗಳು. ಉಳಿದವರು ಮಗಳು ಎಂಬ ಮಾತನ್ನು ಕಿವಿಯಲ್ಲಿಟ್ಟುಕೊಂಡು ಬಂದರು. ಅಕ್ಕವ್ವ ಮಾತ್ರ ಸಾಕಲಿಕ್ಕೆ ಎಂಬ ಮಾತನ್ನು ಇಟ್ಟುಕೊಂಡು ಬಂದಳು.

ಎಣ್ಣೆ ಹಚ್ಚಿ ನೀರು ಹಾಕುವವಳು ಆಕೆಯೇ. ಲೋಬಾನದ ಹೊಗೆ ಹಿಡಿದು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಹಣೆಗೆ ಕಾಡಿಗೆ ಇಟ್ಟು ಸೊಸೆಯ ಕೈಗೆ ಕೊಡುತ್ತಿದ್ದಳು. ಕೊಟ್ಟು ಎದ್ದುಬಿಡುತ್ತಿದ್ದಳು. ಮಗ್ಗುಲಲ್ಲಿ ಮಲಗಿಸಿಕೊಳ್ಳುತ್ತಿರಲಿಲ್ಲ. ಮಾತಿನಲ್ಲೂ "ಆ ಕೂಸು ಹಾಲು ಕುಡೀತೇನ", "ಆ ಕೂಸಿನ ಅಂಗಿ ಒಣಗ್ಯಾವೇನ" ಎನ್ನುವಳು. ನಮ್ಮ ಎಂಬ ಶಬ್ದ ಬಾಯಿಗೆ ಬಂದರೆ ನುಂಗುವಳು. ನಾಳೆ ಯಾರಾದರೂ ಜೀಪಿನಲ್ಲಿ ಬಂದು, ಕಾಗದ ತೋರಿಸಿ ಎತ್ತಿಕೊಂಡು ಹೋದರೆ ಎಂಬುದು ಆಕೆಯ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಮಾರ್ಚ್ ತಿಂಗಳ ಒಂದು ಮುಂಜಾನೆ ಗಂಡ ಪಾರಿಸಪ್ಪ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದ. ಆತನದು ದಪ್ಪ ಅಕ್ಷರವನ್ನಷ್ಟೇ ಓದುವ ಅಭ್ಯಾಸ. ಸಣ್ಣ ಅಕ್ಷರಕ್ಕೆ ಬೇರೆ ಚಷ್ಮಾ ಬೇಕಾಗುತ್ತಿತ್ತು, ಅದು ಯಾವಾಗಲೂ ಒಳಗಿರುತ್ತಿತ್ತು.

"ಇಲ್ಲಿ ಕೇಳ ಬೇ," ಎಂದು ಕೂಗಿದ. "ದತ್ತು ಆದೇಶ ಇನ್ನು ಜಿಲ್ಲಾಧಿಕಾರಿ ಕೈಗೆ. ಲೋಕಸಭೆ ಅಂಗೀಕಾರ."

ಅಕ್ಕವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಹಂಗಂದ್ರ ಏನ್ರಿ?"

"ಹಂಗಂದ್ರ ಕೋರ್ಟಿಗೆ ಅಡ್ಡಾಡೂದು ಮುಗೀತು. ಡಿ.ಸಿ. ಸಾಹೇಬರ ಸೈ ಮಾಡಿ ಕೊಡತಾರ. ಕಾಯ್ದೆ ಆತು."

"ಖರೇನ?"

"ಪೇಪರಿನ್ಯಾಗ ಹಾಕ್ಯಾರ. ನಾ ಹೋಗಿ ಹಾಕಿಸಿ ಬಂದೀನೇನ?"

ಅಕ್ಕವ್ವ ಮತ್ತೆ ಕೇಳಲಿಲ್ಲ. ಒಳಗೆ ಹೋಗಿ ಒಂದು ಸೇರು ಕಡಲೆಬೇಳೆ ಬೇಯಲಿಟ್ಟಳು. ಹೊಸ ಬೆಲ್ಲದ ಪೆಂಟೆಯೊಂದನ್ನು ಒಡೆದು, ಹೂರಣ ರುಬ್ಬಿ, ಮಧ್ಯಾಹ್ನದ ಹೊತ್ತಿಗೆ ಹೋಳಿಗೆ ಬೇಯಿಸಲು ಕೂತಳು. ಸೊಸೆ ಬಟ್ಟೆ ಒಗೆಯಲು ಬಾವಿಯ ಹತ್ತಿರ ಹೋಗಿದ್ದಳು. ಕೂಸು ಅಡುಗೆಮನೆಯ ಬಾಗಿಲಲ್ಲಿ ಚಾಪೆಯ ಮೇಲೆ ಕೂತು ಒಂದು ಚಮಚವನ್ನು ನೆಲಕ್ಕೆ ಕುಟ್ಟುತ್ತಿತ್ತು. ಮೊದಲ ಹೋಳಿಗೆ ಹಂಚಿನಿಂದ ಇಳಿಯಿತು. ಅಕ್ಕವ್ವ ಅದನ್ನು ಕೈಯಲ್ಲಿ ಹಿಡಿದು, ಊದಿ ಊದಿ ಆರಿಸಿ, ಒಂದು ಕಚ್ಚಿದಳು. ಎರಡು ತಿಂಗಳ ಮೇಲೆ ನಾಲಿಗೆಗೆ ಸಿಹಿ ತಾಗಿ ಕಣ್ಣಲ್ಲಿ ನೀರು ಬಂತು. ಅರ್ಧ ತಿಂದು, ಉಳಿದರ್ಧವನ್ನು ಕೂಸಿನ ಕೈಗೆ ಕೊಟ್ಟಳು. ಇನ್ನೂ ಹಲ್ಲು ಬರದ ಕೂಸು ಅದನ್ನು ಎರಡೂ ಕೈಯಲ್ಲಿ ಹಿಡಿದು ಚೀಪತೊಡಗಿತು.

ಸಂಜೆ ಹೊತ್ತು ಮುಳುಗುವ ಮುಂಚೆ ಗಿರಿಮಲ್ಲಪ್ಪ ಬಂದ. ಜಮಖಂಡಿ ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಪಟ್ಟೇವಾಲಾ ಆಗಿದ್ದು ನಿವೃತ್ತಿಯಾದವನು. ಪಾರಿಸಪ್ಪನ ಶಾಲೆಯ ಗೆಳೆಯ. ಸಾಹೇಬರ ಬಾಗಿಲ ಹೊರಗೆ ನಿಂತು ನಿಂತೇ ಅರ್ಧ ವಕೀಲನಾಗಿದ್ದ. ಎಡೆ ಹಾಕಿದರೆ ಬೇಡ ಎನ್ನುವ ಮನುಷ್ಯನಲ್ಲ. ಮೂರು ಹೋಳಿಗೆ ತುಪ್ಪ ಹಚ್ಚಿಕೊಂಡು ತಿಂದ ಮೇಲೆ ಕೇಳಿದ:

"ವೈನಿ, ಹುಣ್ಣಿವಿಗೆ ಇನ್ನ ಮೂರ ದಿನ ಐತಿ. ಇವತ್ತ ಯಾತರ ಹೋಳಗಿ?"

"ಕಾಯ್ದೆ ಪಾಸ್ ಆತಲ್ಲೋ," ಎಂದ ಪಾರಿಸಪ್ಪ. "ಇನ್ನ ಡಿ.ಸಿ. ಸಾಹೇಬ್ರ ಕೊಡತಾರಂತ ಆದೇಶ."

ಗಿರಿಮಲ್ಲಪ್ಪ ಪೇಪರು ಎತ್ತಿಕೊಂಡು ಸಣ್ಣ ಅಕ್ಷರಗಳನ್ನು ತುಟಿಯಲ್ಲೇ ಓದಿದ. ಕೈಯ ತುಪ್ಪ ಪೇಪರಿಗೆ ಹತ್ತಿತು.

"ಲೇ ಪಾರಿಸಾ, ಪಾಸ್ ಆಗಿದ್ದು ಕಾಯ್ದೆ ಅಲ್ಲೋ, ಮಸೂದಿ. ಅದೂ ಒಂದ ಸದನದಾಗ. ಇನ್ನ ರಾಜ್ಯಸಭಾ ಐತಿ."

"ಒಂದ ಕಡಿ ಆದಮ್ಯಾಲ ಇನ್ನೊಂದ ಕಡಿ ಆಗೂದಿಲ್ಲೇನ?"

"ಆಗಬಹುದು. ಆದ್ರ ಅಲ್ಲಿ ಮತ್ತ ಮೊದಲಿಂದ ಮಾಡಬೇಕು. ಮಂತ್ರಿ ಎದ್ದು ಮಂಡನಾ ಮಾಡಬೇಕು. ಮಾತಾಡವ್ರು ಮಾತಾಡಬೇಕು. ಆಮ್ಯಾಲ ಒಂದೊಂದ ಕಲಮು ಮುಂದಿಟ್ಟು, ಇದಕ್ಕ ಹೌದ ಅನ್ನವ್ರು ಯಾರು, ಅಲ್ಲ ಅನ್ನವ್ರು ಯಾರು ಅಂತ ಕೇಳಬೇಕು. ಕಡೀಕ ಇಡೀ ಮಸೂದಿಗೆ ಮತ್ತೊಮ್ಮೆ ಹೌದ ಅನಿಸಬೇಕು. ಅವ್ರು ಒಂದ ಅಕ್ಷರ ತಿದ್ದಿದ್ರೂ ಅದು ಲೋಕಸಭಾಕ್ಕ ತಿರುಗಿ ಬರತೈತಿ. ಆ ತಿದ್ದಿದ್ದಕ್ಕ ಇವ್ರೂ ಹೂಂ ಅನಬೇಕು."

"ಅನ್ಲಿಲ್ಲಂದ್ರ?"

"ಇಬ್ರೂ ಹಟಾ ಹಿಡದ್ರ ರಾಷ್ಟ್ರಪತಿಗಳು ಎರಡೂ ಸದನ ಒಂದ ಕಡಿ ಕುಂಡ್ರಿಸಿ ಮತಾ ಹಾಕಸಬಹುದು. ಅದು ಭಾಳ ಅಪರೂಪ, ಬಿಡು. ಎರಡೂ ಕಡಿ ಒಂದ ಮಾತಾದ ಮ್ಯಾಲ ರಾಷ್ಟ್ರಪತಿಗಳ ಅಂಕಿತ. ಅಂಕಿತ ಬೀಳೂ ತನಕ ಅದು ಬರೇ ಮಸೂದಿ. ಬಿದ್ದಮ್ಯಾಲ ಗೆಜೆಟಿನ್ಯಾಗ ಅಚ್ಚ ಆಗಬೇಕು. ಅದರ ಮ್ಯಾಲ, ಇಂಥಾ ತಾರೀಖಿನಿಂದ ಜಾರಿ ಅಂತ ಸರಕಾರ ಹೇಳಬೇಕು."

"ಇದನ್ನೆಲ್ಲಾ ಮೂರ ಹೋಳಗಿ ಮುಗಿಸಿ ಹೇಳತೀಯಲ್ಲೋ. ಮೊದಲ ಹೇಳಬಾರದೇನ?"

"ಮೊದಲ ಹೇಳಿದ್ರ ಹೋಳಗಿ ಎಲ್ಲಿಂದ ಬರತಿದ್ವು?"

ಜಿನೇಶ ನಕ್ಕ. "ಅಪ್ಪಾ, ಕಾಯ್ದೆ ಬರಲಿ ಬಿಡಲಿ, ನಮ್ಮ ಅರ್ಜಿ ಕೋರ್ಟಿನ್ಯಾಗ ಐತಿ. ಮುಂದಿನ ತಿಂಗಳ ತಾರೀಖು ಐತಿ. ಅಲ್ಲೇ ಆಗತೈತಿ," ಎಂದ. ಮಾನಸಿಯೂ ನಕ್ಕಳು. ಅಡುಗೆಮನೆಯ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದ ಅಕ್ಕವ್ವನಿಗೆ ಮಗನ ಮಾತು ಕೇಳಿಸಲಿಲ್ಲ. ಬಾಯಲ್ಲಿ ಇನ್ನೂ ಏಲಕ್ಕಿಯ ವಾಸನೆ ಇತ್ತು. ಭಗವಾನರ ಮುಂದೆ ಕಾಯ್ದೆ ಪ್ರಕಾರ ಎಂದು ಬಾಯಿಬಿಟ್ಟು ಹೇಳಿದ್ದಳು. ಕಾಯ್ದೆ ಇನ್ನೂ ಆಗಿಲ್ಲ. ತಾನು ತಿಂದಾಗಿದೆ.

"ವೈನಿ, ನೀವು ತಿನ್ನಲಿಲ್ಲ, ಛಲೋ ಆತು," ಎಂದ ಗಿರಿಮಲ್ಲಪ್ಪ. "ನಿಮ್ಮ ನೇಮ ಉಳೀತು."

ಅಕ್ಕವ್ವ ಗಿಂಡಿ ಕೆಳಗಿಟ್ಟು ಒಳಗೆ ಹೋದಳು.

ಮರುದಿನದಿಂದ ಆಕೆ ತುಪ್ಪವನ್ನೂ ಬಿಟ್ಟಳು. ಯಾಕೆ ಎಂದು ಪಾರಿಸಪ್ಪ ಕೇಳಿದ. ಮಂಡಿ ನೋವಿಗೆ ಛಲೋ ಅಂತಾರ ಎಂದು ಸುಳ್ಳು ಹೇಳಿದಳು. ಹಾಗೆ ಹೇಳಿ ಇನ್ನೊಂದು ತಪ್ಪಾಯಿತಲ್ಲ ಎಂದು ಅದಕ್ಕೂ ಕೊರಗಿದಳು.

ಏಪ್ರಿಲ್ ತಿಂಗಳ ತಾರೀಖು ಬರುವಷ್ಟರಲ್ಲಿ ರೋಗ ಎರಡನೆಯ ಸಲ ಊರೂರು ಹೊಕ್ಕಿತು. ಕೋರ್ಟು ಮುಚ್ಚಿತು, ಬಸ್ಸು ನಿಂತಿತು. ದಿಲ್ಲಿಯಲ್ಲಿ ಸದನಕ್ಕೂ ಸೂಟಿ ಬಿಟ್ಟಿದ್ದಾರೆಂದು ಗಿರಿಮಲ್ಲಪ್ಪ ಬೇಲಿಯಾಚೆ ನಿಂತು, ಮೂಗಿಗೆ ಟಾವೆಲ್ ಕಟ್ಟಿಕೊಂಡು ಹೇಳಿದ. ಮಸೂದೆ ಒಂದು ಸದನ ದಾಟಿ, ಇನ್ನೊಂದನ್ನು ಮುಟ್ಟದೆ ನಡುದಾರಿಯಲ್ಲಿ ಕೂತಿದೆ. ಅಕ್ಕವ್ವನಿಗೆ ಅದು ವಿಹಾರ ಹೊರಟ ಮುನಿಗಳಂತೆ ಕಂಡಿತು. ಅವರು ಬರಿಗಾಲಲ್ಲಿ ಊರಿಂದೂರಿಗೆ ನಡೆಯುತ್ತಾರೆ. ಯಾರಿಗೂ ಎಳೆದು ತರಲಾಗುವುದಿಲ್ಲ, ಗಾಡಿ ಹತ್ತಿಸಲಾಗುವುದಿಲ್ಲ. ಅವರು ಮಳೆಗಾಲಕ್ಕೆ ಒಂದೂರಲ್ಲಿ ನಿಲ್ಲುತ್ತಾರೆ. ಇದು ಬೇಸಿಗೆಗೆ ನಿಂತಿದೆ, ಮಳೆ ಬಿದ್ದ ಮೇಲೆ ನಡೆದೀತು ಎಂದುಕೊಂಡಳು.

ಹಾಗೇ ಆಯಿತು. ಜುಲೈ ಕೊನೆಗೆ, ಕಬ್ಬು ಎದೆಮಟ್ಟ ಬೆಳೆದಿದ್ದಾಗ, ಗಿರಿಮಲ್ಲಪ್ಪ ಕೆಸರಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬಂದ.

"ವೈನಿ, ರಾಜ್ಯಸಭಾದಾಗೂ ಆತು. ದೊಡ್ಡ ಗದ್ದಲ ನಡದಿತ್ತಂತ, ಗದ್ದಲದಾಗ ಆತು."

"ಏನಾರ ತಿದ್ಯಾರೇನ?"

"ಒಂದ ಅಕ್ಷರ ಇಲ್ಲ."

"ಹಂಗಾರ ತಿರುಗಿ ಲೋಕಸಭಾಕ್ಕ ಹೋಗೂದಿಲ್ಲ."

"ಹೋಗೂದಿಲ್ಲ. ಸೀದಾ ರಾಷ್ಟ್ರಪತಿಗಳ ಕಡಿಗೆ." ಗಿರಿಮಲ್ಲಪ್ಪ ಪಾರಿಸಪ್ಪನ ಕಡೆ ತಿರುಗಿದ. "ಪಾರಿಸಾ, ನಿನಗಿಂತ ನಿನ್ನ ಹೆಂಡ್ತಿ ಶಾಣ್ಯಾ ಅದಾಳ. ಈಕಿನ್ನ ಎಂ.ಪಿ. ಮಾಡಬೇಕಿತ್ತು."

"ಮಾಡು. ದಿಲ್ಲ್ಯಾಗ ಭಕ್ರಿ ಬಡಿಯಾಕ ಯಾರ ಅದಾರ," ಎಂದ ಪಾರಿಸಪ್ಪ.

ಹತ್ತು ದಿನಕ್ಕೆ ಅಂಕಿತವೂ ಬಿತ್ತು. ಗೆಜೆಟಿನಲ್ಲಿ ಅಚ್ಚಾಯಿತು. ಗಿರಿಮಲ್ಲಪ್ಪ ಮೊಬೈಲಿನಲ್ಲಿ ಅದರ ಚಿತ್ರ ತೋರಿಸಿ, "ಈಗರೇ ಕಡ್ಲಿಬ್ಯಾಳಿ ನೆನಿ ಹಾಕತೀರೇನ?" ಎಂದ.

"ಜಾರಿ ತಾರೀಖು ಹೇಳ್ಯಾರೇನ?"

ಗಿರಿಮಲ್ಲಪ್ಪ ತಲೆ ಕೆರೆದುಕೊಂಡ. "ಅದು... ಸರಕಾರ ಮುಂದ ಗೊತ್ತ ಮಾಡತೈತಿ ಅಂತ ಬರದಾರ."

"ಹಂಗಾರ ಇಲ್ಲ," ಎಂದಳು ಅಕ್ಕವ್ವ.

ಆ ಮುಂದಿನದು ಬರಲು ಇನ್ನೂ ಒಂದು ವರ್ಷ ಹಿಡಿಯಿತು. ಗಾಣ ಒಂದು ಹಂಗಾಮು ತಿರುಗಿ ನಿಂತಿತು. ಬಾಡಗಂಡಿಯ ಕಾರ್ಖಾನೆಗೆ ಹೋಗುವ ಟ್ರಾಲಿಗಳು ರಸ್ತೆಯಲ್ಲಿ ಕಬ್ಬು ಚೆಲ್ಲುತ್ತ ಹೋದವು. ಕೋರ್ಟಿನಲ್ಲಿ ಒಂದು ತಾರೀಖು ಹೋಗಿ ಇನ್ನೊಂದು ಬಂತು. ಒಮ್ಮೆ ಒಂದು ಕಾಗದ ಬೇಕಾಯಿತು. ಅದು ಬಂದಾಗ ರಜೆ ಬಂತು. ಸಿದ್ಧಿ ಗೋಡೆ ಹಿಡಿದು ನಿಂತಳು, ಗೋಡೆ ಬಿಟ್ಟು ನಡೆದಳು, ಕರುವಿನ ಬಾಲ ಹಿಡಿದು ಓಡಿ ಬಿದ್ದು ಗದ್ದ ಒಡೆದುಕೊಂಡಳು. ಮಾತು ಕಲಿತಳು. ಅವಳು ಕಲಿತ ಮೂರನೆಯ ಮಾತು ಆಯಿ, ಅಂದರೆ ಅಜ್ಜಿ. ಮುಂಜಾನೆ ನಸುಕಿನಲ್ಲಿ ತಾಯಿಯ ಮಗ್ಗುಲಿನಿಂದ ಎದ್ದು, ಕತ್ತಲಲ್ಲಿ ಗೋಡೆ ತಡವುತ್ತ ಬಂದು ಅಕ್ಕವ್ವನ ಚಾದರದೊಳಗೆ ತೂರುವಳು. ಅಕ್ಕವ್ವ ಅಲ್ಲಾಡದೆ ಮಲಗುವಳು. ಹೋಗೆನ್ನಲು ಬಾಯಿ ಬಾರದು, ಅಪ್ಪಿಕೊಳ್ಳಲು ಕೈ ಬಾರದು. ತಪ್ಪು ಮಾಡಿದ್ದು ನಾನು, ಅದಕ್ಕೇ ಎಲ್ಲವೂ ಹಿಂದೆ ಬೀಳುತ್ತಿದೆ, ಇದನ್ನು ಅಪ್ಪಿಕೊಂಡರೆ ಇದನ್ನೂ ಕಳೆದುಕೊಳ್ಳುತ್ತೇನೆ ಎಂದು ಆಕೆ ಉಸಿರು ಬಿಗಿಹಿಡಿಯುವಳು. ಕೂಸು ಮಾತ್ರ ಎರಡು ನಿಮಿಷಕ್ಕೆ ಗೊರಕೆ ಹೊಡೆಯುತ್ತಿತ್ತು.

ಕೊನೆಗೆ ದತ್ತು ಕೇಂದ್ರದ ಮೇಡಂ ಫೋನು ಮಾಡಿದರು. ಸೆಪ್ಟೆಂಬರ್ ಆರಕ್ಕೆ ತಾರೀಖು. ಎಲ್ಲ ಕಾಗದ ಸರಿಯಾಗಿವೆ, ಅವತ್ತೇ ಆದೇಶವಾಗಬಹುದು, ಮನೆಯವರೆಲ್ಲ ಬನ್ನಿ. ಮಾನಸಿ ಮುಧೋಳದ ತವರಿಗೆ ಸುದ್ದಿ ಹೇಳಿದಳು. ಕೂಸಿಗೆ ಹಸಿರು ಲಂಗ ಹೊಲಿಸಿದಳು.

ಸೆಪ್ಟೆಂಬರ್ ಎರಡರಂದು ಗಿರಿಮಲ್ಲಪ್ಪ ಬಂದು ಕಟ್ಟೆಯ ಮೇಲೆ ಕೂತ. ಚಹಾ ಕೊಟ್ಟರೆ ಲೋಟ ಹಿಡಿದುಕೊಂಡೇ ಕೂತ. 

"ಏನಾತು ಹೇಳೋ ಮಾರಾಯಾ," ಎಂದ ಪಾರಿಸಪ್ಪ.

"ಕಾಯ್ದೆ ಜಾರಿ ಆತು. ನಿನ್ನೆಯಿಂದ."

"ಆತಲ್ಲ ಮತ್ತ. ಛಲೋ ಆತು."

"ಛಲೋ ಏನಾತು. ಇನ್ನ ದತ್ತು ಕೊಡೂ ಅಧಿಕಾರ ಕೋರ್ಟಿಗಿಲ್ಲ. ಅಲ್ಲಿ ಇದ್ದ ಫೈಲೆಲ್ಲಾ ಡಿ.ಸಿ. ಆಫೀಸಿಗೆ ಹೋಗತಾವು. ಆರನೇ ತಾರೀಖು ರದ್ದ. ಡಿ.ಸಿ. ಆಫೀಸಿನವ್ರಿಗೂ ಇದು ಹೊಸಾದು, ಎಷ್ಟ ದಿನಾ ಹಿಡಿತೈತೋ ಯಾರಿಗ್ಗೊತ್ತು." ಗಿರಿಮಲ್ಲಪ್ಪ ಅಕ್ಕವ್ವನ ಕಡೆ ನೋಡದೆ ಹೇಳಿದ, "ಕಾಯ್ದೆ ಜಾರಿ ಆರ ದಿನಾ ತಡಾ ಆಗಿದ್ರ ನಮ್ಮ ಕೆಲಸ ಮುಗೀತಿತ್ತು, ವೈನಿ."

ಒಂದೂವರೆ ವರ್ಷ ಆಕೆ ಬಸದಿಯಲ್ಲಿ ಬೇಡಿಕೊಂಡದ್ದು ಆ ಕಾಯ್ದೆಯನ್ನೇ. ಅದು ನಡೆದು ನಡೆದು ಬಂದು, ಬಾಗಿಲ ಹತ್ತಿರ ಬಂದಿದ್ದ ಆದೇಶವನ್ನು ಹಿಂದಕ್ಕೆ ಕಳಿಸಿತ್ತು. ಅಕ್ಕವ್ವ ಎದ್ದು ಗಾಣದ ಕಡೆ ನಡೆದಳು. ಹಂಗಾಮಿಲ್ಲದ ಗಾಣ ತಣ್ಣಗಿತ್ತು. ಬೋರಲು ಹಾಕಿದ ಕಡಾಯಿಯ ಹಿಂದೆ, ಕಬ್ಬಿನ ಒಣಗರಿಯ ರವದಿಯ ಮೇಲೆ ಕೂತು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಸ್ವಲ್ಪ ಹೊತ್ತಿಗೆ ಮಾನಸಿ ಬಂದು ಪಕ್ಕದಲ್ಲಿ ಕೂತಳು. ಕಂಕುಳಲ್ಲಿದ್ದ ಸಿದ್ಧಿಯನ್ನು ಕೆಳಗಿಳಿಸಿದಳು. ಅವಳು ರವದಿ ಕಿತ್ತು ಕಡಾಯಿಗೆ ಬಡಿಯುತ್ತ ಆಡತೊಡಗಿದಳು.

"ಅತ್ತಿ, ತಡಾ ಆಗತೈತಿ ಅಷ್ಟ. ಯಾರೂ ಇಲ್ಲ ಅಂದಿಲ್ಲ."

"ನನ್ನಿಂದ ಆತು ಇದು."

"ನಿಮ್ಮಿಂದ ಹೆಂಗ ಆಗತೈತಿ?"

ಅಕ್ಕವ್ವ ಹೇಳಿದಳು. ಹೇಳಲು ಹತ್ತು ಮಾತೂ ಬೇಕಾಗಲಿಲ್ಲ. "ಅವತ್ತ ಹೋಳಗಿ ಮಾಡಿದ ದಿನಾ ನಾ ತಿಂದೆ. ಅರ್ಧಾ ತಿಂದೆ. ಭಗವಂತನ ಮುಂದ ಆಡಿದ ಮಾತು ಮುರದೆ. ಅವತ್ತಿನಿಂದ ಒಂದೂ ನೆಟ್ಟಗ ಆಗಿಲ್ಲ."

ಮಾನಸಿ ಸಿದ್ಧಿಯ ಕೂದಲಿಗೆ ಹತ್ತಿದ್ದ ರವದಿಯ ಎಳೆಯೊಂದನ್ನು ತೆಗೆದಳು. ಆಮೇಲೆ, "ನನಗ ಗೊತ್ತಿತ್ತು," ಎಂದಳು.

ಅಕ್ಕವ್ವ ತಿರುಗಿ ನೋಡಿದಳು.

"ನಾ ಅರಿವಿ ಒಣಾ ಹಾಕಿ ಬಂದಾಗ ಇಕಿ ಕೈಯಾಗ ಅರ್ಧಾ ಹೋಳಗಿ ಇತ್ತು. ಅಂಚಿಗೆ ಹಲ್ಲಿನ ಗುರುತು ಇದ್ವು. ಇಕಿಗೆ ಆವಾಗ ಹಲ್ಲೇ ಇರಲಿಲ್ಲ ಅತ್ತಿ."

"ಮತ್ತ ಯಾಕ ಅನ್ಲಿಲ್ಲ ನೀ?"

"ಏನ ಅನ್ಲಿ? ನನಗ ಅವತ್ತ ಭಾಳ ಸಂತೋಷ ಆಗಿತ್ತು. ನಮ್ಮತ್ತಿ ಎಂದೂ ಇಕಿನ್ನ ಮಗ್ಗಲಾಗ ಹಾಕ್ಕೊಳ್ಳೂದಿಲ್ಲ, ಆದ್ರ ಇಕಿ ಸಲುವಾಗಿ ಪೇಪರಿನ ಒಂದ ಸಾಲು ಕೇಳಿ ನೇಮಾ ಮರತ್ರು ಅಂತ." ಮಾನಸಿ ಕೈಯಲ್ಲಿದ್ದ ಎಳೆಯನ್ನು ಮುರಿದಳು. "ನೀವು ಇಕಿನ್ನ ಒಲ್ಲೆ ಅಂತೀರೇನೋ ಅಂತ ಅಲ್ಲೀತನಕಾ ನನಗ ಅಂಜಿಕಿ ಇತ್ತು."

ಅಕ್ಕವ್ವನಿಗೆ ಇದು ಹೊಳೆದೇ ಇರಲಿಲ್ಲ. ತಾನು ಅಂಜಿ ದೂರ ಇದ್ದದ್ದನ್ನು ಸೊಸೆ ಹೀಗೆ ತಿಳಿದಿದ್ದಳು. ತಾನು ಒಬ್ಬಳೇ ಅಂಜುತ್ತಿದ್ದೇನೆ ಎಂದುಕೊಂಡಿದ್ದ ಮನೆಯಲ್ಲಿ ಇಬ್ಬರು ಬೇರೆ ಬೇರೆ ಮೂಲೆಯಲ್ಲಿ ಅಂಜುತ್ತಿದ್ದರು. ಆಕೆ ಸೊಸೆಯ ಮೊಣಕಾಲಿನ ಮೇಲೆ ಕೈ ಇಟ್ಟಳು.

"ಹುಚ್ಚಿ ಅದೀ," ಎಂದಳು. "ಒಲ್ಲೆ ಅಂತ ಹೆಂಗ ಅಂತೀನಿ."

ಆ ಮಳೆಗಾಲ ಬಸದಿಯಲ್ಲಿ ಒಬ್ಬ ಮಾತಾಜಿಯವರು ಚಾತುರ್ಮಾಸಕ್ಕೆ ನಿಂತಿದ್ದರು. ಮರುದಿನ ಮುಂಜಾನೆ ಮಾನಸಿ ಅತ್ತೆಯನ್ನು ಅಲ್ಲಿಗೆ ಕರೆದುಕೊಂಡು ಹೋದಳು. ವಂದಾಮಿ ಎಂದು ಬಗ್ಗಿ, ಅಕ್ಕವ್ವ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು: ನೇಮ, ಪೇಪರು, ಹೋಳಿಗೆ, ಎರಡು ಸದನ, ಅಂಕಿತ, ಗೆಜೆಟು. ಮಾತಾಜಿ ನವಿಲುಗರಿಯ ಪಿಂಛಿಯನ್ನು ತೊಡೆಯ ಮೇಲಿಟ್ಟುಕೊಂಡು ತಾಳ್ಮೆಯಿಂದ ಕೇಳಿದರು. ಗೆಜೆಟು ಬಂದಾಗ ಮಾತ್ರ ಹುಬ್ಬು ಸ್ವಲ್ಪ ಮೇಲೇರಿತು.

"ಅರ್ಧ ನೀವು ತಿಂದಿರಿ. ಇನ್ನರ್ಧ?"

"ಕೂಸಿಗೆ ಕೊಟ್ಟೆರಿ."

"ನೇಮ ತಪ್ಪಿದ್ದು ಖರೆ. ಆದರ ಅದರಿಂದ ಕೂಸಿನ ಕಾಗದ ತಪ್ಪಿತು ಅಂತ ಯಾರು ಹೇಳಿದರು? ಸಿಹಿ ಬಿಟ್ಟದ್ದು ನಿಮ್ಮ ಆತ್ಮಕ್ಕಾಗಿ. ಅದನ್ನ ಕೊಟ್ಟು ಕೂಸಿನ್ನ ಕೊಳ್ಳಲಿಕ್ಕೆ ಬರುವುದಿಲ್ಲ, ಅದು ತಪ್ಪಿದರ ಕೂಸು ಕೈ ಬಿಟ್ಟು ಹೋಗುವುದೂ ಇಲ್ಲ. ಕೂಸು ತನ್ನ ಪುಣ್ಯ ತಾನು ತಂದಿರತದ."

ಅಕ್ಕವ್ವ ಏಳಲಿಲ್ಲ, ಕೈಮುಗಿದುಕೊಂಡೇ ಕೂತಳು.

"ಆದರೂ ಪ್ರಾಯಶ್ಚಿತ್ತ ಬೇಕು ಅಂದರ ಕೊಡತೀನಿ," ಎಂದರು ಮಾತಾಜಿ. "ದಿನಾ ಮುಂಜಾನೆ ನೂರೆಂಟು ಣಮೋಕಾರ ಜಪ. ಕೂಸು ತೊಡೆಯ ಮೇಲೆ ಇರಬೇಕು. ಕೂಸು ಎದ್ದು ಹೋದರ ಮತ್ತೆ ಮೊದಲಿಂದ."

ಅದು ಎಷ್ಟು ಕಷ್ಟದ ಪ್ರಾಯಶ್ಚಿತ್ತ ಎಂಬುದು ಒಂದೇ ದಿನದಲ್ಲಿ ತಿಳಿಯಿತು. ಹನ್ನೆರಡನೆಯ ಮಣಿಗೆ ಸಿದ್ಧಿ ಬೆಕ್ಕನ್ನು ಕಂಡು ಎದ್ದು ಓಡಿದಳು. ಎರಡನೆಯ ಸಲ ನಲವತ್ತಕ್ಕೆ ಹೋದಾಗ ಜಪಮಾಲೆಯನ್ನು ಜಗ್ಗಿ ಬಾಯಿಗಿಟ್ಟುಕೊಂಡಳು. ಎಂಬತ್ತರ ತನಕ ಬಂದು ಒಮ್ಮೆ ತೊಡೆ ಒದ್ದೆ ಮಾಡಿದಳು. ಸೂರ್ಯ ಮಾಳಿಗೆಗೆ ಏರಿದರೂ ಅಕ್ಕವ್ವನ ಜಪ ಮುಗಿಯುತ್ತಿರಲಿಲ್ಲ. "ಸಂಸತ್ತಿನಾಗೂ ಇಷ್ಟ ಸಲ ಮೊದಲಿಂದ ಮಾಡೂದಿಲ್ಲ," ಎಂದು ಪಾರಿಸಪ್ಪ ಕಟ್ಟೆಯಿಂದ ಚುಡಾಯಿಸುವನು. ಕೂಸು ಏಳದಂತೆ ಮಾಡಲು ಅಕ್ಕವ್ವ ಅದನ್ನು ಎರಡೂ ಕೈಯಿಂದ ಸುತ್ತಿ ಹಿಡಿಯಬೇಕಾಯಿತು. ತಲೆಯನ್ನು ಗದ್ದದ ಕೆಳಗೆ ಇಟ್ಟುಕೊಳ್ಳಬೇಕಾಯಿತು. ಬೆರಳಿಗೊಂದು ಹೆಸರಿಟ್ಟು ಪುಸಲಾಯಿಸಬೇಕಾಯಿತು. ತಿಂಗಳು ಕಳೆಯುವಷ್ಟರಲ್ಲಿ ಸಿದ್ಧಿ ತಾನೇ ಮಣಿ ಸರಿಸುವುದನ್ನು ಕಲಿತಳು. ಎರಡು ಮಣಿ ಹಾರಿಸಿದರೆ ಅಕ್ಕವ್ವ ನೋಡಿಯೂ ನೋಡದಂತೆ ಮುಂದಿನದಕ್ಕೆ ಹೋಗುತ್ತಿದ್ದಳು. ರಾತ್ರಿ ಕೂಸಿನ ಚಾದರ ಆಕೆಯ ಹಾಸಿಗೆಗೇ ಬಂದಿತು. ಜೀಪು ಬಂದು ಕೂಸನ್ನು ಒಯ್ಯುವ ಕನಸು ಆಮೇಲೂ ಬೀಳುತ್ತಿತ್ತು, ಆದರೆ ಎಚ್ಚರವಾದಾಗ ಕೈಗೆ ಒಂದು ಬೆಚ್ಚಗಿನ ಕಾಲು ಸಿಗುತ್ತಿತ್ತು.

ಡಿಸೆಂಬರಿನಲ್ಲಿ ಡಿ.ಸಿ. ಆಫೀಸಿನಿಂದ ಕರೆ ಬಂತು. ಬಾಡಿಗೆ ಗಾಡಿ ಮಾಡಿಕೊಂಡು ಜಮಖಂಡಿ ದಾಟಿ, ಚಿಕ್ಕಪಡಸಲಗಿಯಲ್ಲಿ ಹೊಳೆ ದಾಟಿ ಎಲ್ಲರೂ ಹೋದರು. ಕಾಯ್ದೆ ಬಲ್ಲವನೊಬ್ಬ ಜೊತೆಗಿರಲಿ ಎಂದು ಗಿರಿಮಲ್ಲಪ್ಪ ತಾನಾಗಿಯೇ ಹತ್ತಿ ಕೂತಿದ್ದ. ಕೋಣೆಯಲ್ಲಿ ಒಬ್ಬ ಹೆಣ್ಣು ಅಧಿಕಾರಿ. ಮೈಸೂರು ಕಡೆಯ ಮಾತು. ಜಿನೇಶನನ್ನೂ ಮಾನಸಿಯನ್ನೂ ಕೂರಿಸಿ ಕೇಳಬೇಕಾದ್ದನ್ನೆಲ್ಲ ಕೇಳಿದರು. ಆಮೇಲೆ ಕೂಸಿನ ಕಡೆ ಬಾಗಿ, "ನಿನ್ನ ಹೆಸರೇನು ಪುಟ್ಟಾ?" ಎಂದರು. ಸಿದ್ಧಿ ಅಕ್ಕವ್ವನ ಸೆರಗಿನೊಳಗೆ ತಲೆ ಹುದುಗಿಸಿ, ಒಳಗಿನಿಂದಲೇ ಒಂದು ಕಣ್ಣು ತೋರಿಸಿದಳು.

"ಅಜ್ಜಿಗೆ ತುಂಬಾ ಅಂಟಿಕೊಂಡಿದ್ದಾಳೆ," ಎಂದು ಅಧಿಕಾರಿ ನಕ್ಕರು. ಫೈಲಿನ ಕೊನೆಯ ಹಾಳೆಗೆ ಸಹಿ ಹಾಕಿದರು. ಪಕ್ಕದಲ್ಲಿ ನಿಂತವರು ಮೊಹರು ಒತ್ತಿದರು.

ಮಾನಸಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಅಕ್ಕವ್ವ ಮಾತ್ರ ಕುರ್ಚಿಯ ಅಂಚಿಗೆ ಸರಿದು ಕೇಳಿದಳು:

"ಸಾಹೇಬರ, ಇದರ ಮ್ಯಾಲ ಇನ್ನ ಯಾರ ಅಂಕಿತ ಬೇಕ್ರಿ?"

"ಯಾರದೂ ಬೇಡ ಅಜ್ಜಿ."

"ಗೆಜೆಟಿನ್ಯಾಗ ಹಾಕಬೇಕ್ರಿ?"

"ಹಾಕಬೇಕಿಲ್ಲ."

"ಜಾರಿ ತಾರೀಖು?"

ಅಧಿಕಾರಿ ಪೆನ್ನು ಕೆಳಗಿಟ್ಟು ಆಕೆಯನ್ನು ಒಂದು ಗಳಿಗೆ ನೋಡಿದರು. "ಇವತ್ತೇ ಅಜ್ಜಿ. ಈಗಿನಿಂದಲೇ."

"ಮೂವತ್ತ ದಿನದಾಗ ಯಾರಾರ ಅಪೀಲು..." ಎಂದು ಹಿಂದಿನಿಂದ ಗಿರಿಮಲ್ಲಪ್ಪ ಬಾಯಿ ತೆಗೆದ. ಪಾರಿಸಪ್ಪ ಆತನ ಕಾಲು ತುಳಿದ. ಮಾತು ಅಲ್ಲಿಗೇ ನಿಂತಿತು.

ಬರುವಾಗ ಹೊಳೆಯ ದಂಡೆಯಲ್ಲಿ ಗಾಡಿ ನಿಲ್ಲಿಸಬೇಕಾಯಿತು, ಸಿದ್ಧಿಗೆ ಅವಸರವಾಗಿತ್ತು. ಮಧ್ಯಾಹ್ನದ ಬಿಸಿಲು ಬ್ಯಾರೇಜಿನ ನೀರಿನ ಮೇಲೆ ಬಿದ್ದಿತ್ತು. ಅಕ್ಕವ್ವ ಕೂಸನ್ನು ಮರೆಗೆ ಕರೆದೊಯ್ದು, ತೊಳೆಸಿ, ಲಂಗದ ಲಾಡಿ ಬಿಗಿದು ಎತ್ತಿಕೊಂಡಳು. ಮಂಡಿ ನೋಯುತ್ತಿತ್ತು. ರಸ್ತೆಯ ಬದಿ ಪೇರಲ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಒಂದು ಹಣ್ಣು ಎತ್ತಿ ಕೂಸಿನ ಕಡೆ ಚಾಚಿದಳು.

"ಯಾರ ಕೂಸವಾ ಇದು, ಇಷ್ಟ ಛಂದ ಐತಿ?"

"ನಮ್ಮ ಮಗನ ಮಗಳು," ಎಂದಳು ಅಕ್ಕವ್ವ. "ಸಿದ್ಧಿ ಅಂತ."

ಹೆಂಗಸು ಕೂಸಿನ ಮುಖವನ್ನೂ ಅಕ್ಕವ್ವನ ಮುಖವನ್ನೂ ನೋಡಿದಳು. "ಹೌದ ಮತ್ತ. ಹಣಿ, ಗದ್ದ ಎಲ್ಲಾ ನಿಮ್ಮಂಗ ಅದಾವು."

ಗಾಡಿಯ ಹತ್ತಿರ ನಿಂತಿದ್ದ ಮಾನಸಿ ಅತ್ತೆ ಏನು ಹೇಳುತ್ತಾಳೋ ಎಂದು ನೋಡಿದಳು.

"ಎಲ್ಲಾರೂ ಹಂಗ ಅಂತಾರವಾ," ಎಂದಳು ಅಕ್ಕವ್ವ.

ಯಾರೂ ಎಂದೂ ಹಾಗೆ ಅಂದಿರಲಿಲ್ಲ. ಅಕ್ಕವ್ವ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು, ನಿಧಾನವಾಗಿ ಏರು ಹತ್ತಿ ಗಾಡಿಯ ಕಡೆ ನಡೆದಳು.